ನೇವಿ ಎಂಬ ಹಸಿರು ದೋಣಿ

ನಮ್ಮ ಮನೆತನಕ್ಕೂ ಸಮುದ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಪ್ಪ ಗದಗಿನ ಕಡೆಯವರು. ರೈಲ್ವೆ ನೌಕರಿ ಹಿಡಿದು ಈ ತಮಿಳು ಮಹಾನಗರಕ್ಕೆ ಬಂದು, ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿ ಮನೆ ಮಾಡಿದವರು. ಯಾವಾಗಲಾದರೂ ನಮ್ಮನ್ನು ಬೆಸೆಂಟ್ ನಗರದ ಬೀಚಿಗೆ ಕರೆದುಕೊಂಡು ಹೋದರೆ, ಅವರು ಮಾತ್ರ ನೀರಿಗೆ ಬೆನ್ನು ಮಾಡಿ ಕೂತು ಕಡಲೆಕಾಳಿನ ಸುಂಡಲ್ ತಿನ್ನುತ್ತಿದ್ದರು. "ಅಷ್ಟು ನೀರು ಒಮ್ಮೆಗೇ ನೋಡಿದ್ರ ತಲಿ ತಿರಗ್ತದ" ಎನ್ನುವುದು ಅವರ ಸಮಜಾಯಿಷಿ.

ಅಂಥವರ ಮಗಳು ನಾನು ವಿಮಾ ಕಂಪನಿ ಸೇರಿ, ಹಡಗುಗಳ ವಿಮೆ ನೋಡುವ ವಿಭಾಗದಲ್ಲೇ ಸರ್ವೀಸು ಮುಗಿಸಿದೆ. ಬಂದರಿಗೆ ಬರುವ ಹೋಗುವ ಹಡಗುಗಳ ಉದ್ದ, ಅಗಲ, ವಯಸ್ಸು, ಕಾಯಿಲೆ ಎಲ್ಲ ನನಗೆ ಬಾಯಿಪಾಠ. ಆದರೆ ಹತ್ತಿದ್ದು ಒಂದನ್ನೂ ಇಲ್ಲ. ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಇನ್ನು ಈ ಜನ್ಮದಲ್ಲಿ ಹಡಗಿನ ಸಹವಾಸ ಮುಗಿಯಿತು ಎಂದುಕೊಂಡು, ಬೆಳಿಗ್ಗೆ ಅಮ್ಮನ ಜೊತೆ ತರಕಾರಿ ಹೆಚ್ಚುತ್ತ, ಸಂಜೆ ಅವಳ ಜೊತೆ ಪಾರ್ಕಿನಲ್ಲಿ ಸುತ್ತುತ್ತ ಆರಾಮಾಗಿದ್ದೆ. ಆಗ ಒಂದು ದಿನ ಫೋನು ಬಂತು.

ಊರಿನ ಉತ್ತರಕ್ಕೆ ಎಣ್ಣೂರಿನ ಕಡೆ ಒಂದು ಹಡಗುಕಟ್ಟೆಯಿದೆ. ಹೆಸರು ಬೇಡ, ಅಲ್ಲಿಯವರೆಲ್ಲ ಅದನ್ನು ಬರೀ ಯಾರ್ಡು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ನೌಕಾಪಡೆಯ ಸಣ್ಣ ಹಡಗುಗಳನ್ನು, ಕರಾವಳಿ ಕಾಯುವ ದೋಣಿಗಳನ್ನು ಕಟ್ಟುವ, ರಿಪೇರಿ ಮಾಡುವ ಜಾಗ. ಫೋನು ಮಾಡಿದವರು ಅದರ ಜನರಲ್ ಮ್ಯಾನೇಜರು. ವಿಮೆಯ ಕಾಗದಪತ್ರಗಳಿಗಾಗಿ ನನ್ನ ಜೊತೆ ಜಗಳಾಡಿ ಜಗಳಾಡಿಯೇ ಪರಿಚಯವಾದವರು.

"ಮೇಡಂ, ನೀವು ಮನೆಯಲ್ಲಿ ಸುಮ್ಮನೆ ಇದ್ದೀರಂತೆ?"

"ಸುಮ್ಮನೆ ಯಾಕಿರಲಿ ಸಾರ್, ಆರಾಮಾಗಿದ್ದೀನಿ."

"ಅದೇ ಅದೇ. ನಮ್ಮ ಯಾರ್ಡಿನ ಚರಿತ್ರೆ ಬರೀಬೇಕು ಮೇಡಂ. ಒಂದು ದೊಡ್ಡ ಕೋಣೆ ಖಾಲಿ ಮಾಡಿಸಿದ್ದೀನಿ. ಫೋಟೋ, ಹಳೇ ಸಾಮಾನು, ಗೋಡೆ ಮೇಲೆ ನಾಲ್ಕು ಮಾತು. ಜನ ಬಂದು ನೋಡಬೇಕು. ನೇವಿಯವರೂ ಬರ್ತಾರೆ."

ನಾನು ಯೋಚಿಸಿ ಹೇಳುತ್ತೇನೆ ಎಂದೆ. ಅವರು "ಥ್ಯಾಂಕ್ಸ್ ಮೇಡಂ, ಸೋಮವಾರ ಕಾರು ಕಳಿಸ್ತೀನಿ" ಎಂದು ಇಟ್ಟೇಬಿಟ್ಟರು.

ಹೀಗೆ ನಾನು ಚರಿತ್ರಕಾರಳಾದೆ. ಕೆಲಸ ಸುಲಭವೆಂದೇ ಅಂದುಕೊಂಡಿದ್ದೆ. ಯಾರ್ಡಿನ ಹಳೆಯ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕರೆಸಿ, ಕಾಫಿ ಕೊಡಿಸಿ, ಕೇಳುತ್ತ ಹೋದೆ. ಮೊದಮೊದಲು ಎಲ್ಲರ ಮಾತೂ ಒಂದೇ ದಾರಿ ಹಿಡಿಯುತ್ತಿತ್ತು. ಮೊದಲು ಇಲ್ಲಿದ್ದದ್ದು ತಾಳೆಗರಿಯ ಒಂದು ಚಪ್ಪರ. ಕಾಲುವೆಯಲ್ಲಿ ಉಪ್ಪು ಸಾಗಿಸುವ ಮರದ ದೋಣಿಗಳಿಗೆ ತೇಪೆ ಹಾಕುವ ಜಾಗ. ಆಮೇಲೆ ಮೀನುಗಾರರ ಟ್ರಾಲರುಗಳು ಬಂದವು. ಮರ ಹೋಗಿ ಕಬ್ಬಿಣ ಬಂತು, ಬಡಗಿಗಳು ಹೋಗಿ ವೆಲ್ಡರುಗಳು ಬಂದರು. ಆಮೇಲೆ ಒಂದು ದಿನ ನೌಕಾಪಡೆಯವರು ಬಂದು, ಬಂದರಿನ ಆಸುಪಾಸು ಓಡಾಡಲು ಒಂದು ಉಕ್ಕಿನ ದೋಣಿ ಮಾಡಿಕೊಡಿ ಎಂದರು. ಆ ದೋಣಿ ನೀರಿಗಿಳಿದ ದಿನ ಚಪ್ಪರ ಯಾರ್ಡಾಯಿತು.

ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಿದ್ದರು. ಆ ದೋಣಿ ಈಗ ಎಲ್ಲಿದೆ ಎಂದು ಕೇಳಿದೆನೋ, ಅಲ್ಲಿಗೆ ಮುಗಿಯಿತು. ಒಬ್ಬರು ಅದು ಚಂಡಮಾರುತದಲ್ಲಿ ಮುಳುಗಿತು ಎಂದರು. ಇನ್ನೊಬ್ಬರು ಅಂಡಮಾನಿಗೆ ಹೋಯಿತು, ಕಣ್ಣಾರೆ ಕಂಡಿದ್ದೇನೆ ಎಂದರು. ಮತ್ತೊಬ್ಬರು ಅದನ್ನು ಒಡೆದು ಗುಜರಿಗೆ ಹಾಕುವಾಗ ತಾನೇ ಅಲ್ಲಿದ್ದೆ ಎಂದು ಗದ್ಗದಿತರಾದರು. ಒಬ್ಬರಿಗೊಬ್ಬರು ಎದುರಾದಾಗ ಕಾಫಿ ಆರಿಹೋಗುವಷ್ಟು ವಾಗ್ವಾದ. ಆ ದೋಣಿಗೆ ತಗಡು ಕತ್ತರಿಸಿದ ಗುಂಪಿನಲ್ಲಿ ಈಗ ಉಳಿದಿದ್ದವರು ಒಬ್ಬ ಮೇಸ್ತ್ರಿ ಮಾತ್ರ. ಬಿಳಿ ಪಂಚೆ, ಬಿಳಿ ಮೀಸೆ, ಕಿವಿ ಸ್ವಲ್ಪ ಮಂದ. ಅವರನ್ನು ಕೇಳಿದರೆ "ಕಟ್ಟೋದು ನಮ್ಮ ಕೆಲಸ ಅಮ್ಮಾ, ಕಾಯೋದು ಅವನ ಕೆಲಸ" ಎಂದು ಆಕಾಶ ತೋರಿಸಿ ಬಿಸ್ಕತ್ತು ಅದ್ದಿಕೊಂಡರು.

ಮ್ಯಾನೇಜರಿಗೆ ಮಾತ್ರ ಆ ದೋಣಿಯ ಹುಚ್ಚು ಹಿಡಿಯಿತು. "ಅದು ಸಿಕ್ಕರೆ ಕೋಣೆಯ ಮುಂದೆಯೇ ನಿಲ್ಲಿಸೋಣ ಮೇಡಂ. ಅದಿಲ್ಲದೆ ಚರಿತ್ರೆ ಎಂಥದ್ದು?" ಎನ್ನುತ್ತಿದ್ದರು.

ದೋಣಿಯನ್ನು ಹುಡುಕಿಕೊಟ್ಟದ್ದು ನಮ್ಮಮ್ಮ.

ನಮ್ಮ ಪಾರ್ಕಿನ ಹಿರಿಯರ ಗುಂಪಿನವರು ವ್ಯಾನು ಮಾಡಿಕೊಂಡು ಪಳವೇರ್ಕಾಡಿಗೆ ಹೋಗಿದ್ದರು. ಊರಿನಿಂದ ಉತ್ತರಕ್ಕೆ, ಸಮುದ್ರದ ಪಕ್ಕದಲ್ಲೇ ಹರಡಿಕೊಂಡ ದೊಡ್ಡ ಉಪ್ಪುನೀರಿನ ಸರೋವರ ಅದು. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಉದ್ದ ಕಾಲಿನ ಹಕ್ಕಿಗಳು ಬರುತ್ತವೆ. ಸಂಜೆ ಅಮ್ಮ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ರೊಂಬ ಛಲೋ ಇತ್ತವಾ. ಹಕ್ಕಿ ಏನ್ ಕಾಣ್ಲಿಲ್ಲ, ದೂರ ಇದ್ದವು. ಆದ್ರ ನೇವಿ ಒಳಗ ಕೂತು ಬಂದೆ ನೋಡು."

"ಯಾವ ನೇವಿ ಅಮ್ಮಾ?"

"ದೋಣಿ. ಅದರ ಹೆಸರೇ ನೇವಿ. ಅಲ್ಲೆ ಎಲ್ಲಾರೂ ಹಂಗ ಅಂತಾರ. 'ನೇವಿ ವಂದಾಚ್ಚಾ, ನೇವಿ ಪೋಯಾಚ್ಚಾ' ಅಂತ, ಬಸ್ಸು ಬಂತೇನು ಹೋತೇನು ಅಂದಂಗ. ಗಿಣಿ ಹಸಿರು ಬಣ್ಣ ಹಚ್ಯಾರ, ಕೆಳಗ ಗುಲಾಬಿ ಪಟ್ಟಿ. ಅದನ್ನ ಓಡ್ಸಾಕಿ ಒಬ್ಬ ಹೆಣ್ಣಮಗಳು. ಎಲ್ಲಾ ದೋಣಿ ಕಟಗೀದು, ಪ್ಲಾಸ್ಟಿಕ್ಕಿಂದು. ಇದೊಂದ ಕಬ್ಬಣದ್ದು. ಯಾಕ ನೇವಿ ಅಂತಾರ ಅಂತ ಕೇಳಿದ್ರ, ಮೊದಲ ಇದು ನೇವಿದs ಇತ್ತು ಪಾಟಿ ಅಂದ್ಲು, ನಾ ಆಕಿಗೂ ಅಜ್ಜಿ ನೋಡು."

ನಾನು ಹೆಚ್ಚುತ್ತಿದ್ದ ಹುರಳಿಕಾಯಿ ಅಲ್ಲೇ ಬಿಟ್ಟು ಮ್ಯಾನೇಜರಿಗೆ ಫೋನು ಮಾಡಿದೆ.

ಮರುದಿನವೇ ಹೊರಟೆವು. ಮ್ಯಾನೇಜರು, ಮೇಸ್ತ್ರಿ, ನಾನು, ಮತ್ತೆ ದಾರಿ ತೋರಿಸಲು ಅಮ್ಮ. ದಾರಿ ಎಲ್ಲರಿಗೂ ಗೊತ್ತಿತ್ತು. ಆದರೆ ಸೀರೆ ಉಟ್ಟು ಬಾಗಿಲಲ್ಲಿ ನಿಂತವಳಿಗೆ ಬೇಡ ಎನ್ನುವುದು ಹೇಗೆ?

ಪಳವೇರ್ಕಾಡಿನ ದೋಣಿಕಟ್ಟೆಯಲ್ಲಿ ನೇವಿ ನಿಂತಿತ್ತು. ಅಮ್ಮ ಹೇಳಿದ್ದಕ್ಕಿಂತ ಹಸಿರಾಗಿತ್ತು. ದ್ವೀಪದ ಶಾಲೆಯ ಟೀಚರುಗಳು ಕೈಚೀಲ, ಟಿಫಿನ್ ಡಬ್ಬಿ ಹಿಡಿದು ಹತ್ತುತ್ತಿದ್ದರು. ಹಿಂದೆ ಎರಡು ಸೈಕಲ್ಲು, ಒಂದು ಗ್ಯಾಸ್ ಸಿಲಿಂಡರು. ಚುಕ್ಕಾಣಿಯ ಹತ್ತಿರ ನಲವತ್ತೈದರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲು. ಅವಳನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ.

ಟೀಚರುಗಳನ್ನು ಬಿಟ್ಟು ಅವಳು ವಾಪಸು ಬಂದ ಮೇಲೆ ಮೇಸ್ತ್ರಿ ದೋಣಿಯ ಹಿಂಭಾಗಕ್ಕೆ ಹೋದರು. ಬಗ್ಗಿ, ಕೈಯಾಡಿಸಿ, ಜೇಬಿನಿಂದ ಬೀಗದ ಕೈ ತೆಗೆದು ಬಣ್ಣ ಕೆರೆಯಲು ತೊಡಗಿದರು.

"ಯೋವ್! ಪೇಂಟು!" ಎಂದು ಅಕ್ಕ ಕಿರುಚಿದಳು. ಮೇಸ್ತ್ರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದಂತೆ ಕಾಣಲಿಲ್ಲ. ಹಸಿರಿನ ಕೆಳಗೆ ನೀಲಿ ಬಂತು, ನೀಲಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬೂದು. ಬೂದು ಬಣ್ಣದಲ್ಲಿ ವೆಲ್ಡಿಂಗ್ ಮಾಡಿ ಉಬ್ಬಿಸಿದ ಅಂಕಿ ಕಂಡಿತು. ನಮ್ಮ ಯಾರ್ಡಿನ ಗುರುತು, ಅದರ ಪಕ್ಕದಲ್ಲಿ ಒಂದನೆಯ ನಂಬರು. ಮೇಸ್ತ್ರಿ ಟವೆಲಿನಿಂದ ಮುಖ ಒರೆಸಿಕೊಂಡು, ದೋಣಿಯ ಮೇಲೆ ಅಂಗೈ ಇಟ್ಟು, ಎಮ್ಮೆಯ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟುತ್ತ ನಿಂತರು.

ಮ್ಯಾನೇಜರಿಗೆ ಕುಣಿಯುವುದೊಂದು ಬಾಕಿ. ಅಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ ವಿಷಯ ಹೇಳಿದರು. ದೋಣಿ ನಮಗೆ ಕೊಡಿ, ಬದಲಿಗೆ ಹೊಸದೊಂದು ಕೊಡುತ್ತೇವೆ, ಇದನ್ನು ಮ್ಯೂಸಿಯಂನಲ್ಲಿ ಇಡುತ್ತೇವೆ ಎಂದರು. ಮಾತೆಲ್ಲ ತಮಿಳಿನಲ್ಲಿ, ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮ್ಯೂಸಿಯಂ ಅಂದ್ರೆ ಸತ್ತದ್ದನ್ನ ಇಡೋ ಜಾಗ ತಾನೆ ಸಾರ್?" ಎಂದಳು ಅಕ್ಕ. "ಇದು ಓಡ್ತಾ ಇದೆಯಲ್ಲ!"

"ಅಲ್ಲಮ್ಮಾ, ಇದು ಚರಿತ್ರೆ. ದೇಶದ ಆಸ್ತಿ."

"ದೇಶದವರು ಹರಾಜು ಹಾಕಿದ್ರು, ನಮ್ಮಪ್ಪ ತಗೊಂಡ್ರು. ಆಸ್ತಿ ನಮ್ಮದು."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಸರೋವರ ನೋಡಿದೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅಷ್ಟರಲ್ಲಿ ದೋಣಿಯೊಳಗಿಂದ ಮೇಸ್ತ್ರಿಯ ಆರ್ತನಾದ ಕೇಳಿತು. ಎಲ್ಲರೂ ಓಡಿದೆವು. ಅವರು ನೆಲದ ಹಲಗೆ ಎತ್ತಿ ತಳ ನೋಡಿದ್ದರು. ತಗಡು ಸವೆದು ತೂತು ಬಿದ್ದ ಕಡೆಗಳಲ್ಲೆಲ್ಲ ಸಿಮೆಂಟು ಮೆತ್ತಿತ್ತು.

"ಸಿಮೆಂಟು! ಮನೆ ಅಂದ್ಕೊಂಡ್ರಾ ಇದನ್ನ?" ಎಂದು ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

"ನೀರು ಬರ್ತಾ ಇಲ್ಲವಲ್ಲ ಅಣ್ಣಾ?" ಎಂದಳು ಅಕ್ಕ. ಆದರೆ ಧ್ವನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಆಗ ಮಾತಾಡಿದವಳು ಅಮ್ಮ. ಅವಳ ತಮಿಳು ಧಾರವಾಡದ ಕಡೆಯ ರಾಗದ್ದು. ಎಲ್ಲರೂ ಅದಕ್ಕೆ ನಗುತ್ತಾರೆ, ಎಲ್ಲರೂ ಕೇಳುತ್ತಾರೆ. "ಅಲ್ಲಮ್ಮಾ, ದಿನಾ ಅಷ್ಟು ಮಂದಿ ಟೀಚರಗೋಳನ್ನ ಸಿಮೆಂಟಿನ ಮೇಲೆ ಕೂರಿಸಿಕೊಂಡು ಹೋಗ್ತೀಯಲ್ಲ, ರಾತ್ರಿ ನಿದ್ದೆ ಬರತ್ತಾ?" ಎಂದು ಕೇಳಿದಳು.

ಅಕ್ಕ ತಲೆಯ ಟವೆಲು ಬಿಚ್ಚಿ ಮತ್ತೆ ಕಟ್ಟಿಕೊಂಡು, "ಮಳೆಗಾಲದಲ್ಲಿ ಬರಲ್ಲ ಪಾಟಿ" ಎಂದಳು.

"ಹಂಗಾದ್ರೆ ಇದು ತವರುಮನೆಗೆ ಬರಲಿ. ಬಾಣಂತನ ಮಾಡಿಸಿಕೊಂಡು ವಾಪಸು ಬರಲಿ. ಇದ್ದಷ್ಟು ದಿನ ಜನ ನೋಡ್ತಾರೆ. ಆಗಲ್ಲವಾ?" ಎಂದು ಅಮ್ಮ ಮ್ಯಾನೇಜರ ಕಡೆ ತಿರುಗಿದಳು.

ಮ್ಯಾನೇಜರು ಖರ್ಚಿನ ಲೆಕ್ಕ ಹಾಕತೊಡಗಿದರು. ಮೇಸ್ತ್ರಿಯೇ "ಆಗುತ್ತೆ. ತಳ ಪೂರ್ತಿ ಹೊಸದು ಹಾಕೋಣ" ಎಂದುಬಿಟ್ಟರು, ಯಾರ್ಡು ಇನ್ನೂ ತಮ್ಮದೇ ಎಂಬಂತೆ.

ಅಕ್ಕ ಒಪ್ಪಿದಳು, ಆದರೆ ಷರತ್ತು ಹಾಕಿಯೇ ಒಪ್ಪಿದಳು. ಟೀಚರುಗಳಿಗೆ ಬೇರೆ ದೋಣಿ ಕೊಡಬೇಕು. ದೋಣಿ ಎಲ್ಲಿರುತ್ತದೋ ಅಲ್ಲಿ ತಾನೂ ಇರಬೇಕು. ಮತ್ತೆ, ಯಾರೂ ಬೂದು ಬಣ್ಣ ಹಚ್ಚಬಾರದು. "ಬೂದಿ ಬಣ್ಣ ನೋಡಿದ್ರೆ ನನ್ನ ಪ್ಯಾಸೆಂಜರ್ಸ್ ಹತ್ತಲ್ಲ ಸಾರ್."

ಒಂದು ಶಾಂತವಾದ ಬೆಳಿಗ್ಗೆ ಅಕ್ಕನೇ ಚುಕ್ಕಾಣಿ ಹಿಡಿದು, ಸಮುದ್ರದ ಅಂಚಿನಲ್ಲೇ ನೇವಿಯನ್ನು ತಂದಳು. ಮುಂದೆ ಯಾರ್ಡಿನ ಎಳೆದೊಯ್ಯುವ ದೋಣಿ, ಹಿಂದೆ ಅವಳದು, ಮಧ್ಯೆ ಹಗ್ಗ. ಹಗ್ಗ ಯಾಕೆ, ನನ್ನ ಇಂಜಿನ್ ಇಲ್ಲವಾ ಎಂದು ಅವಳು ದಾರಿಯುದ್ದಕ್ಕೂ ಬೈದಳಂತೆ. ಯಾರ್ಡಿನ ಇಳಿಜಾರಿನ ಮೇಲೆ ದೋಣಿಯನ್ನು ಎಳೆದು ಹತ್ತಿಸಿದಾಗ ಕ್ಯಾಂಟೀನಿನವರಿಂದ ಹಿಡಿದು ಅಕೌಂಟ್ಸಿನವರವರೆಗೆ ಎಲ್ಲರೂ ಬಂದು ನಿಂತಿದ್ದರು. ಅತ್ತ ಪಕ್ಕದಲ್ಲಿ ಕಟ್ಟುತ್ತಿದ್ದ ನೌಕಾಪಡೆಯ ಹೊಸ ಹಡಗು ಬೂದು ಬಣ್ಣದಲ್ಲಿ ಗಂಭೀರವಾಗಿ ನಿಂತಿತ್ತು. ಇತ್ತ ಗಿಣಿಹಸಿರು, ಗುಲಾಬಿ ಪಟ್ಟಿ, ಮೂತಿಗೆ ಎರಡು ದೊಡ್ಡ ಕಣ್ಣು. ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ.

ಮೇಸ್ತ್ರಿ ದಿನವೂ ಬರತೊಡಗಿದರು. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಕುರ್ಚಿ ಹಾಕಿಕೊಂಡು ಕೂತು, ವೆಲ್ಡರುಗಳನ್ನು ಬೈಯುತ್ತ, ಅವರು ತಂದ ಟೀ ಕುಡಿಯುತ್ತ ಖುಷಿಯಾಗಿದ್ದರು. ಸಿಮೆಂಟು ಒಡೆದು ತೆಗೆದ ದಿನ ಅಕ್ಕ ಮುಖ ಆಚೆ ತಿರುಗಿಸಿಕೊಂಡಿದ್ದಳು. ಅದನ್ನು ಮೆತ್ತಿದವರು ಅವಳ ಅಪ್ಪ. ಅವರು ತೀರಿಕೊಂಡ ಮೇಲೆ ದೋಣಿ ಅವಳಿಗೆ ಬಂದಿತ್ತು.

"ಮೊದಮೊದಲು ಹೆಂಗಸು ಓಡಿಸೋ ದೋಣಿ ಅಂತ ಯಾರೂ ಹತ್ತಲಿಲ್ಲ ಅಮ್ಮಾ" ಎಂದು ಅವಳು ಆ ಮಧ್ಯಾಹ್ನ ನನ್ನ ಹತ್ತಿರ ಹೇಳಿದಳು. "ಕಟ್ಟೆಗೆ ಬಂದು ಖಾಲಿ ನಿಲ್ತಿದ್ದೆ. ಆಮೇಲೆ ಹರಾಜಿನ ದಿನ ನಮ್ಮಪ್ಪ ನೇವಿಯವರ ಬಾಯಲ್ಲಿ ಕೇಳಿದ ಕಥೆ ಹೇಳೋಕೆ ಶುರು ಮಾಡಿದೆ. ಕಥೆ ಕೇಳೋಕೆ ಅಂತ ಟೀಚರುಗಳು ಹತ್ತಿದ್ರು. ಆಮೇಲೆ ಅವರಿಗೆ ಅಭ್ಯಾಸ ಆಯ್ತು."

"ಏನು ಕಥೆ?"

ಅವಳು ಹೇಳಿದಳು. ಈ ದೋಣಿ ನೌಕಾಪಡೆಯಲ್ಲಿದ್ದಾಗ ಒಮ್ಮೆ ಅಮಾವಾಸ್ಯೆಯಂದು ಚಿನ್ನ ಸಾಗಿಸುವ ಕಳ್ಳರ ಬೆನ್ನು ಹತ್ತಿತಂತೆ. ಅವರು ಗುಂಡು ಹಾರಿಸಿದರಂತೆ. ಇವರು ಬಿಡಲಿಲ್ಲವಂತೆ. ಕಳ್ಳರು ಚಿನ್ನವನ್ನೆಲ್ಲ ನೀರಿಗೆ ಎಸೆದು ಶರಣಾದರಂತೆ. "ಸಾಕ್ಷಿ ಬೇಕಾ? ಬನ್ನಿ" ಎಂದು ಚುಕ್ಕಾಣಿಯ ಕೋಣೆಗೆ ಕರೆದುಕೊಂಡು ಹೋಗಿ, ತಗಡಿನ ಗೋಡೆಯಲ್ಲಿದ್ದ ಒಂದು ದುಂಡು ತೂತು ತೋರಿಸಿದಳು. "ಗುಂಡು."

ನಾನು ಹೊರಗೆ ಬಂದು ಮೇಸ್ತ್ರಿಯ ಕಿವಿಗೆ ಬಾಯಿಯಿಟ್ಟು ಕೇಳಿದೆ. ಅವರು ಸುತ್ತ ನೋಡಿ, "ಫ್ಯಾನಿನ ವೈರು ಹೋಗೋಕೆ ನಾನೇ ಕೊರೆದದ್ದು" ಎಂದರು. ತಕ್ಷಣ, "ಆ ಹುಡುಗಿಗೆ ಹೇಳಬೇಡಿ" ಎಂದೂ ಸೇರಿಸಿದರು.

ಚರಿತ್ರೆಯ ಕೋಣೆ ಬಾಗಿಲು ತೆರೆಯಿತು. ನೌಕಾಪಡೆಯ ಅಧಿಕಾರಿಗಳು ಬಂದರು, ಶಾಲಾ ಮಕ್ಕಳು ಬಂದರು, ಸುತ್ತಲಿನ ಕೇರಿಗಳ ಮೀನುಗಾರ ಕುಟುಂಬಗಳು ಬಂದವು. ನಾನು ಗೋಡೆಗಳ ಮೇಲೆ ಜೋಪಾನವಾಗಿ ಬರೆಸಿದ್ದೆ: ಚಪ್ಪರ, ಉಪ್ಪಿನ ದೋಣಿ, ಟ್ರಾಲರು, ಉಕ್ಕು. ಒಂದೊಂದು ವಾಕ್ಯವನ್ನೂ ಇಬ್ಬರ ಬಾಯಿಂದ ಕೇಳಿ ತಾಳೆ ನೋಡಿ ಬರೆದದ್ದು. ಅದನ್ನು ಯಾರೂ ಓದಲಿಲ್ಲ. ಎಲ್ಲರೂ ನೇವಿಯ ಸುತ್ತ ಮುತ್ತಿಕೊಂಡಿದ್ದರು. ಅಕ್ಕ ಹೊಸ ಸೀರೆಯ ಮೇಲೆ ಅದೇ ಗಂಡಸರ ಅಂಗಿ ತೊಟ್ಟು ಏಣಿಯ ಮೇಲೆ ನಿಂತಿದ್ದಳು. ಅಮಾವಾಸ್ಯೆ, ಕಳ್ಳರು, ಚಿನ್ನ. ಪ್ರತಿ ಸಲವೂ ಕಳ್ಳರ ಸಂಖ್ಯೆ ಬೆಳೆಯುತ್ತಿತ್ತು. ಶಾಲೆಯ ಮಕ್ಕಳು ಸಾಲಾಗಿ ಬಂದು ತೂತಿಗೆ ಬೆರಳು ಹಾಕಿ ನೋಡಿದರು. ಒಬ್ಬ ಅಧಿಕಾರಿ ತಾನೂ ಹಾಕಿ ನೋಡಿ, ಗಂಭೀರವಾಗಿ ತಲೆಯಾಡಿಸಿದರು.

"ಮೇಡಂ, ಇದು ನಿಜವಾ?" ಎಂದು ಮ್ಯಾನೇಜರು ಪಿಸುಗುಟ್ಟಿದರು.

"ಅದು ನನ್ನ ಗೋಡೆ ಮೇಲೆ ಇಲ್ಲ ಸಾರ್" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ವಯಸ್ಸಾದ ದಂಪತಿ ಬಂದರು. ಗಂಡನಿಗೆ ಎಂಬತ್ತರ ಹತ್ತಿರ, ಆದರೂ ಬೆನ್ನು ನೆಟ್ಟಗೆ. ಇಸ್ತ್ರಿ ಮಾಡಿದ ಬಿಳಿ ಷರಟು, ಎದೆಯ ಮೇಲೆ ಪದಕ. ಹೆಂಡತಿ ಗಿಡ್ಡ, ದುಂಡು, ಕೈಯಲ್ಲಿ ಬಟ್ಟೆಯ ಚೀಲ. ಅವರು ನಮ್ಮೂರಿನದೇ ಪುರಸೈವಾಕ್ಕಂ ಬಡಾವಣೆಯವರು. ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿ ಬಂದಿದ್ದರು. ಗಂಡ ನೌಕಾಪಡೆಯಲ್ಲಿ ನಾವಿಕರಾಗಿದ್ದವರು, ಮತ್ತು ಕೆಲವು ವರ್ಷ ಇದೇ ದೋಣಿಯಲ್ಲಿ ಕೆಲಸ ಮಾಡಿದವರು.

ನನಗೆ ಆದ ಸಂತೋಷ ಹೇಳತೀರದು. ಕೊನೆಗೂ ಕಂಡವರೊಬ್ಬರು! ಕುರ್ಚಿ ಹಾಕಿ ಕೂರಿಸಿ, ಫೋನಿನ ರೆಕಾರ್ಡರು ಒತ್ತಿ, "ಹೇಳಿ ಸಾರ್, ಈ ದೋಣಿ ಏನು ಕೆಲಸ ಮಾಡ್ತಿತ್ತು?" ಎಂದು ಕೇಳಿದೆ.

ಅವರು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದರು: "ಇವರು ಕಳ್ಳಸಾಗಣೆಯವರನ್ನ ಅಟ್ಟಿಸಿಕೊಂಡು ಹೋಗ್ತಿದ್ದ ದೋಣಿ ಇದೇ ಅಮ್ಮಾ. ಗುಂಡು ಎಲ್ಲ ಹಾರಿಸಿದ್ದಾರೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಷ್ಟು ಸಲ ಹೇಳಿದ್ದಾರೋ! ಅಲ್ಲವೇನ್ರೀ?"

ನಾವಿಕರ ಮುಖ ಒಮ್ಮೆಗೇ ಬೆವೆತಿತು. "ನೀರು" ಎಂದರು. ನೀರು ಕುಡಿಯುವ ನೆಪದಲ್ಲಿ ಎದ್ದವರು ನನ್ನನ್ನು ಬಾಗಿಲಾಚೆ ಕರೆದರು.

"ಮೇಡಂ, ಆ ಯಂತ್ರ ಆಫ್ ಮಾಡಿ. ಇದು ತರಕಾರಿ ದೋಣಿ. ಬಂದರಿನ ಹೊರಗೆ ನಿಂತ ಹಡಗುಗಳಿಗೆ ತರಕಾರಿ, ಬ್ರೆಡ್ಡು, ಟಪಾಲು ತಗೊಂಡು ಹೋಗ್ತಿದ್ವಿ. ಬರೋವಾಗ ಕೊಳೆ ಬಟ್ಟೆಯ ಮೂಟೆ. ಅಷ್ಟೇ. ಒಂದ್ಸಲ ಬ್ಯಾಂಡಿನವರನ್ನ ಕರ್ಕೊಂಡು ಹೋದಾಗ ಡೋಲು ನೀರಿಗೆ ಬಿತ್ತು, ಅದನ್ನ ಅಟ್ಟಿಸಿಕೊಂಡು ಹೋಗಿದ್ದುಂಟು. ಮದುವೆಯಾದ ಹೊಸದರಲ್ಲಿ ಏನೋ ಹೇಳಿಬಿಟ್ಟೆ. ಮದುವೆಗೆ ಬಂದವರೆಲ್ಲ ಕೇಳ್ತಿದ್ರು, ಯುದ್ಧ ಮಾಡಿದೀಯಾ ಅಂತ. ಏನಂತ ಹೇಳ್ಲಿ? ಬದನೆಕಾಯಿ ಇಳಿಸ್ತೀನಿ ಅಂತಲಾ?"

ಅವರು ಹೀಗೆ ಕೈ ಹಿಸುಕಿಕೊಳ್ಳುತ್ತಿರುವಾಗ ಅತ್ತ ಅವರ ಹೆಂಡತಿ ಆಗಲೇ ಏಣಿಯ ಹತ್ತಿರ ಹೋಗಿ, "ಏನಮ್ಮಾ, ಇವರಿಗೆ ಗುಂಡು ಹಾರಿಸಿದ್ದು ಎಲ್ಲಿ?" ಎಂದು ಕೇಳುತ್ತಿದ್ದರು.

ನಾವು ಓಡುವಷ್ಟರಲ್ಲಿ ಅಕ್ಕ ಅವರ ಕೈಹಿಡಿದು ಹತ್ತಿಸಿಕೊಂಡಿದ್ದಳು. ಚುಕ್ಕಾಣಿಯ ಕೋಣೆಯಲ್ಲಿ ನಾವೆಲ್ಲ ಒತ್ತಿಕೊಂಡು ನಿಂತೆವು. ಅಕ್ಕ ನಾವಿಕರನ್ನು ಒಮ್ಮೆ ನೋಡಿದಳು, ಅವರ ಬೆವರನ್ನು ನೋಡಿದಳು. ದಿನವೂ ಟೀಚರುಗಳ ಮುಖ ಓದಿದವಳಿಗೆ ಅಷ್ಟು ಸಾಕಾಗಿತ್ತು.

"ಇಲ್ಲಿ ನೋಡಿ ಪಾಟಿ. ಇಲ್ಲೇ ಬಂತು ಗುಂಡು. ನಮ್ಮಪ್ಪ ಹೇಳ್ತಿದ್ರು, ಆಗ ಚುಕ್ಕಾಣಿ ಹಿಡಿದಿದ್ದವರು ಒಬ್ಬ ಉದ್ದನೆಯ ಆಸಾಮಿ, ಬೆನ್ನು ನೆಟ್ಟಗೆ, ಹೆದರಲೇ ಇಲ್ಲ ಅಂತ. ತಾತ, ಅದು ನೀವೇನಾ?"

ನಾವಿಕರು ಏನೋ ಗೊಣಗಿದರು. ಅದು ಹೌದು ಎಂದೂ ಕೇಳಿಸಬಹುದಿತ್ತು.

ಹೆಂಡತಿ ತೂತಿಗೆ ಬೆರಳು ಹಾಕಿದರು. ನಿಧಾನವಾಗಿ ಸುತ್ತ ತಿರುಗಿಸಿ ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಮೇಸ್ತ್ರಿ ಬಾಗಿಲಲ್ಲಿ ತುಟಿ ಬಿಗಿಹಿಡಿದು ನಿಂತಿದ್ದರು. ನಾನು ಅವರ ಕಡೆ ನೋಡಿದ್ದರೆ ನಕ್ಕೇಬಿಡುತ್ತಿದ್ದೆ.

"ಎಷ್ಟು ದುಂಡಗಿದೆ" ಎಂದರು ಆಕೆ.

ಅವತ್ತು ಅಮ್ಮನೂ ಬಂದಿದ್ದಳು. ಗಂಡಸರು ಇಂಜಿನ್ ನೋಡಲು ಇಳಿದಾಗ ನಾವಿಕರ ಹೆಂಡತಿ ಅಮ್ಮನ ಪಕ್ಕದಲ್ಲಿ ಕೂತು, ಬಟ್ಟೆಯ ಚೀಲದಿಂದ ಚಕ್ಕುಲಿಯಂಥ ಮುರುಕು ತೆಗೆದರು, ಇಬ್ಬರೂ ತಿಂದರು. ಬಹಳ ಹೊತ್ತು ತಲೆಗೆ ತಲೆ ಕೊಟ್ಟು ಮಾತಾಡಿದರು. ಹೋಗುವಾಗ ನಾವಿಕರು ದೋಣಿಗೊಂದು ಸೆಲ್ಯೂಟ್ ಹೊಡೆದರು. ಆ ಸೆಲ್ಯೂಟಿನಲ್ಲಿ ಮಾತ್ರ ಸುಳ್ಳೇನೂ ಇರಲಿಲ್ಲ.

ಮನೆಗೆ ವಾಪಸಾಗುವಾಗ ಕಾರಿನಲ್ಲಿ ನಾನು ಅಮ್ಮನಿಗೆ ತರಕಾರಿಯ ಗುಟ್ಟು ಹೇಳಿದೆ. ಅಮ್ಮ ಆಶ್ಚರ್ಯಪಡಲಿಲ್ಲ.

"ಆಕಿಗೆ ಗೊತ್ತದವಾ."

"ಯಾರಿಗೆ?"

"ಆತನ ಹೆಂಡ್ತಿಗೆ. ಲಗ್ನಾದ ಹೊಸದಾಗಿ ಗಂಡ ಹೆಂಗ ಕೆಲಸ ಮಾಡ್ತಾನ ನೋಡೂಣಂತ ಒಂದಿನ ಹಾರ್ಬರಿಗೆ ಹೋಗಿದ್ಲಂತ. ಬಟ್ಟಿ ಮೂಟಿ ಹೊತ್ಕೊಂಡು ಇಳಿಯೂದು ಕಂಡ್ಲಂತ. ಸುಮ್ನ ತಿರಗಿ ಬಂದ್ಲಂತ. ರಾತ್ರಿ ಊಟಕ್ಕ ಕೂತಾಗ ಅವ ಕಳ್ಳರ ಕಥಿ ಹೇಳಿದಾ. ಈಕಿ ಕೇಳಿದ್ಲು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲವಂತೆ?"

"ನಾನೂ ಕೇಳ್ದೆ. 'ಮೂಟೆ ಹೊತ್ತು ಬಂದವರು, ಮನೆಯಲ್ಲಾದ್ರೂ ಕತ್ತಿ ಹಿಡೀಲಿ ಬಿಡಿ' ಅಂದ್ಲು." ಅಮ್ಮ ಹಲ್ಲಿಗೆ ಸಿಕ್ಕಿದ್ದ ಮುರುಕಿನ ಚೂರು ತೆಗೆಯುತ್ತ ಕಿಟಕಿಯ ಕಡೆ ತಿರುಗಿದಳು. "ಮುರುಕು ಪರವಾಯಿಲ್ಲ. ಉಪ್ಪು ಸ್ವಲ್ಪ ಕಡಿಮಿ."

ಆ ವಾರವೆಲ್ಲ ನಾನು ಯೋಚಿಸಿದೆ. ನೇವಿಯ ಬಗ್ಗೆ ಗೋಡೆಯ ಮೇಲೆ ಒಂದು ಫಲಕ ಬೇಕಿತ್ತು. ಕಳ್ಳರನ್ನು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ, ಬದನೆಕಾಯಿ ಬರೆಯಲು ಕೈ ಬರಲಿಲ್ಲ. ಕೊನೆಗೆ ಬರೆದೆ: "ಈ ಯಾರ್ಡು ನೌಕಾಪಡೆಗೆ ಕಟ್ಟಿಕೊಟ್ಟ ಮೊದಲ ದೋಣಿ. ಸಮುದ್ರದಲ್ಲಿ ನಿಂತ ಹಡಗುಗಳಿಗೂ ದಡಕ್ಕೂ ನಡುವೆ ಓಡಾಡಿತು. ಈಗ ಪಳವೇರ್ಕಾಡಿನಲ್ಲಿ ಓಡಾಡುತ್ತಿದೆ. ಇದರ ಮೇಲೆ ಕೆಲಸ ಮಾಡಿದವರು ಇದರ ಬಗ್ಗೆ ಅನೇಕ ಸಾಹಸದ ಕಥೆಗಳನ್ನು ಹೇಳುತ್ತಾರೆ." ಪ್ರತಿ ಮಾತೂ ನಿಜ. ಮ್ಯಾನೇಜರು ಓದಿ, "ಸ್ವಲ್ಪ ಸಪ್ಪೆ ಮೇಡಂ" ಎಂದರು. ಇರಲಿ ಬಿಡಿ ಎಂದೆ.

ತಳಕ್ಕೆ ಹೊಸ ತಗಡು ಬಿದ್ದು, ಇಂಜಿನ್ ತೊಳೆದು, ಹಸಿರಿನ ಮೇಲೆ ಅದೇ ಹಸಿರು ಬಳಿದು ನೇವಿಯನ್ನು ಮತ್ತೆ ನೀರಿಗಿಳಿಸಿದ ದಿನ ಅಮ್ಮ ತಾನೂ ದೋಣಿಯಲ್ಲೇ ಪಳವೇರ್ಕಾಡಿಗೆ ಹೋಗುತ್ತೇನೆಂದು ಹಟ ಹಿಡಿದಳು. ಅಕ್ಕ ಅವಳ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಬಿಗಿದು, ಚುಕ್ಕಾಣಿಯ ಪಕ್ಕದಲ್ಲೇ ಕೂರಿಸಿಕೊಂಡಳು. ನಾನೂ ಹತ್ತಿದೆ. ಮೇಸ್ತ್ರಿ ಹತ್ತಲಿಲ್ಲ. "ಕಟ್ಟೋದು ನಮ್ಮ ಕೆಲಸ" ಎಂದು ದಡದಲ್ಲೇ ನಿಂತು, ದೋಣಿ ತಿರುಗುವವರೆಗೂ ತಳದ ಕಡೆಯೇ ನೋಡುತ್ತಿದ್ದರು.

ನಾನು ಮೊದಲ ಸಲ ಹಡಗು ಎನ್ನಬಹುದಾದ ಒಂದರಲ್ಲಿ ಕೂತು ಸಮುದ್ರಕ್ಕೆ ಹೋದದ್ದು ಹಾಗೆ. ಈ ಸಲ ಹಗ್ಗವಿರಲಿಲ್ಲ. ಅಕ್ಕ ಅದನ್ನು ಎರಡೆರಡು ಸಲ ಹೇಳಿದಳು. ಅಮ್ಮ ಸ್ವಲ್ಪ ದೂರದವರೆಗೆ ಅಲೆಗಳನ್ನು ಎಣಿಸುವವಳಂತೆ ನೋಡುತ್ತ ಕೂತಿದ್ದು, ಆಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋದಳು.

ಸರೋವರದೊಳಗೆ ಬಂದಾಗ ಶಾಲೆ ಬಿಡುವ ಹೊತ್ತು. ದ್ವೀಪದ ಕಟ್ಟೆಯಲ್ಲಿ ಟೀಚರುಗಳು ಬದಲಿ ದೋಣಿಗೆ ಕಾಯುತ್ತ ನಿಂತಿದ್ದರು. ಹಸಿರು ಕಂಡದ್ದೇ ಒಬ್ಬರು ಕೊಡೆ ಬೀಸಿದರು, ಎಲ್ಲರೂ ಕೂಗತೊಡಗಿದರು. ಅಕ್ಕ ನಮ್ಮನ್ನು ಮೊದಲು ದಡಕ್ಕೆ ಬಿಡಬೇಕಿತ್ತು. ಕೇಳುವುದಕ್ಕೂ ಹೋಗದೆ ಚುಕ್ಕಾಣಿ ಆ ಕಡೆಗೆ ತಿರುಗಿಸಿದಳು. ಟೀಚರುಗಳು ಡಬ್ಬಿ, ಚೀಲಗಳ ಸಮೇತ ಧಡಧಡ ಹತ್ತಿದರು. ಆ ಪ್ಲಾಸ್ಟಿಕ್ ದೋಣಿಯಲ್ಲಿ ನೆರಳಿಲ್ಲ, ಕೂರಲು ಜಾಗವಿಲ್ಲ, ಓಡಿಸುವವನು ಮಾತೇ ಆಡುವುದಿಲ್ಲ ಎಂದು ಎಲ್ಲರೂ ಒಟ್ಟಿಗೆ ದೂರು ಹೇಳಿದರು. ಒಬ್ಬರು ನನ್ನನ್ನು ಸರಿಸಿ ಪಕ್ಕದಲ್ಲಿ ಕೂತು, "ನೀವು ಹೊಸಬರಾ? ಈ ದೋಣಿಯ ಕಥೆ ಗೊತ್ತಾ?" ಎಂದು ಕೇಳಿದರು.

"ಇಲ್ಲ, ಹೇಳಿ" ಎಂದೆ.